ತೂತು ಮುಚ್ಚಿ ಹೋದ ಕಳ್ಳ

“ಮೊಳೆಯೂ ಇಲ್ಲ, ಮೊಳೆ ಹೊಡೆದ ತೂತೂ ಇಲ್ಲ!”

ಸ್ಟೂಲಿನ ಮೇಲೆ ನಿಂತು ಗೋಡೆ ಸವರುತ್ತಿದ್ದ ಇನ್ಸ್‌ಪೆಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

“ಇಲ್ಲಿ ನಮ್ಮ ಮಾನ ಹರಾಜಾಗ್ತಿದೆ, ನಿಮಗೆ ನಗು!”

“ನಗದೆ ಏನು ಮಾಡ್ಲಿ ಮೇಷ್ಟ್ರೇ? ಬಾಗಿಲು ಮುರಿದ ಕಳ್ಳನ್ನ ನೋಡಿದ್ದೀನಿ, ಹೆಂಚು ತೆಗೆದವನ್ನ ನೋಡಿದ್ದೀನಿ. ಕದ್ದಾದ ಮೇಲೆ ತೂತಿಗೆ ಗಾರೆ ಮೆತ್ತಿ, ನುಣ್ಣಗೆ ಉಜ್ಜಿ, ಮೇಲೊಂದು ಕೈ ಸುಣ್ಣ ಬಳಿದು ಹೋದ ಕಳ್ಳನ್ನ ಇವತ್ತೇ ನೋಡ್ತಿರೋದು.”

ನಿನ್ನೆ ಮಧ್ಯಾಹ್ನ ಇದೇ ಜಾಗದಲ್ಲಿ ತೂಗುಹಾಕಿ ಪರದೆ ಮುಚ್ಚಿದ್ದ ಹಿತ್ತಾಳೆ ಫಲಕ, ಬೆಳಿಗ್ಗೆ ಪರದೆ ಸರಿಸಿದಾಗ ಮಾಯವಾಗಿತ್ತು. ಸಂಜೆ ಪ್ರಶಸ್ತಿ ಸಮಿತಿಯ ಅಧ್ಯಕ್ಷರು ಬಂದು ಪರದೆ ಎಳೆಯಬೇಕು. ಎಳೆದರೆ ಕಾಣುವುದು ಬರೀ ಗೋಡೆ.

ಅದೂ ಎಂಥ ಪ್ರಶಸ್ತಿ! ಕಡಿಮೆ ಬಾಡಿಗೆಗೆ ಸೂರು ಕೊಟ್ಟು, ಸೂರಿನ ಜೊತೆ ಆಸರೆಯನ್ನೂ ಕೊಡುವ ಕಟ್ಟಡಗಳಲ್ಲೆಲ್ಲ ಇದೇ ಮೇಲೆಂದು ಆರಿಸಿದ್ದರು. ಒಂದು ಕಾಲದಲ್ಲಿ ನೂಲಿನ ಗೋದಾಮಾಗಿದ್ದ ಕಟ್ಟಡ ಇದು. ಈಗ ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದವರು, ಆಸ್ಪತ್ರೆ ಬಿಟ್ಟ ಮೇಲೆ ಎಲ್ಲಿಗೆ ಹೋಗುವುದೆಂದು ತಿಳಿಯದವರು, ಜೈಲಿನ ಗೇಟು ದಾಟಿ ಬೀದಿಯಲ್ಲಿ ನಿಂತವರು, ಎಲ್ಲರಿಗೂ ಇಲ್ಲಿ ಒಂದೊಂದು ರೂಮು. ದುಡಿಮೆಗೆ ತಕ್ಕ ಬಾಡಿಗೆ. ಕೆಳಗಡೆ ನರ್ಸಮ್ಮ ಬಂದು ಕೂರುವ ಕೋಣೆ, ಕೆಲಸ ಹುಡುಕಿಕೊಡುವವರ ಮೇಜು. ಸಭಾಂಗಣಕ್ಕೆ ಮಾತ್ರ ಬೀಗವಿಲ್ಲ. ಆ ಬೀಗವಿಲ್ಲದ ಬಾಗಿಲನ್ನೇ ಸಮಿತಿಯವರು ಬಾಯಿತುಂಬ ಹೊಗಳಿದ್ದರು.

“ಬೀಗ ಇಲ್ಲ ಅಂತ ಹೊಗಳಿಸಿಕೊಂಡಿರಿ. ಈಗ ಅನುಭವಿಸಿ!” ಎಂದರು ಮೇಷ್ಟ್ರು. ನಿವಾಸಿಗಳ ಸಂಘಕ್ಕೆ ಅವರೇ ಕಾರ್ಯದರ್ಶಿ. ಮನಸ್ಸು ಬೆಣ್ಣೆ, ನಾಲಿಗೆ ಮಾತ್ರ ಮೆಣಸಿನಕಾಯಿ. “ಬೀಗ ಒಡೆಯೋದನ್ನೇ ಕಸುಬು ಮಾಡ್ಕೊಂಡಿದ್ದವನಿಗೆ ಬೀಗ ಇಲ್ಲದ ಜಾಗದಲ್ಲಿ ಮನೆ ಕೊಟ್ಟರೆ ಇನ್ನೇನಾಗುತ್ತೆ?”

ಯಾರ ಬಗ್ಗೆ ಈ ಮಾತೆಂದು ಕೇಳುವ ಅಗತ್ಯವೇ ಇರಲಿಲ್ಲ. ಮೂಲೆ ರೂಮಿನ ಬೀಗದಣ್ಣ. ಅವನನ್ನು ಜೈಲಿಗೆ ಕಳಿಸಿದ್ದವಳು ಸಾಕ್ಷಾತ್ ಇನ್ಸ್‌ಪೆಕ್ಟರಮ್ಮನೇ. ನಿವೃತ್ತಿಯಾದ ಮೇಲೆ ಇವಳೂ ಇಲ್ಲೇ ಒಂದು ರೂಮು ಹಿಡಿದಿದ್ದಳು. ಹಿಡಿದವಳಿಗೂ ಸಿಕ್ಕಿಬಿದ್ದವನಿಗೂ ಈಗ ಒಂದೇ ಕಾರಿಡಾರು, ಬಟ್ಟೆ ಒಣಗಿಸಲು ಒಂದೇ ಹಗ್ಗ.

“ಅವನ ಪರೀಕ್ಷೆಯ ಅವಧಿ ಇವತ್ತಿಗೆ ಮುಗಿಯುತ್ತೆ,” ಎಂದಳು ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್ ಹುಡುಗಿ. “ಇವತ್ತೊಂದು ದಿನ ದಾಟಿದ್ರೆ ರೂಮು ಅವನದ್ದೇ. ಸಂಜೆ ಅವನ ಮಗಳು ಬೇರೆ ಬರ್ತಿದ್ದಾಳೆ, ಎಷ್ಟೋ ವರ್ಷದ ಮೇಲೆ. ಮೇಷ್ಟ್ರೇ, ನೀವು ಈಗ ಕಳ್ಳತನದ ದೂರು ಕೊಟ್ರೆ, ನಿಯಮದ ಪ್ರಕಾರ ಅವನನ್ನ ನಾನೇ ಹೊರಗೆ ಕಳಿಸಬೇಕಾಗುತ್ತೆ.”

ಮೇಷ್ಟ್ರು ಪೆಚ್ಚಾದರು. “ನನಗೇನು ಖುಷಿನಾ ತಾಯಿ? ಆದ್ರೆ ಅಧ್ಯಕ್ಷರು ಕೇಳಿದ್ರೆ ಏನು ಹೇಳೋದು?”

“ಅಧ್ಯಕ್ಷರು ಬರೋವರೆಗೆ ಯಾರೂ ಏನೂ ಹೇಳಬೇಡಿ,” ಎಂದು ಇನ್ಸ್‌ಪೆಕ್ಟರಮ್ಮ ಸ್ಟೂಲಿನಿಂದ ಇಳಿದಳು. “ಬೀಗದಣ್ಣನ ಕೈಚಳಕ ನನಗೆ ಗೊತ್ತಿಲ್ವಾ? ಅವನು ಬೀಗ ಒಡೆಯೋನೇ ಹೊರತು ಗೋಡೆ ರಿಪೇರಿ ಮಾಡೋನಲ್ಲ. ಇಷ್ಟು ನುಣುಪಾಗಿ ಗಾರೆ ಎಳೆಯೋನು ಈ ಕಟ್ಟಡದಲ್ಲಿ ಒಬ್ಬನೇ. ಗಾರೆ ಮಾವ ಎಲ್ಲಿ?”

“ಬೆಳಿಗ್ಗೇನೇ ಕೆಲಸಕ್ಕೆ ಹೋದ್ರು,” ಎಂದಳು ಹುಡುಗಿ. “ಅವರಿಗೆ ಕಿವಿ ಕೇಳಿಸಲ್ಲ, ಫೋನು ತಗೊಂಡು ಹೋಗಲ್ಲ.”

ಸರಿ, ಆ ದಾರಿ ಸಂಜೆಯವರೆಗೆ ಬಂದ್.

ಇನ್ಸ್‌ಪೆಕ್ಟರಮ್ಮನ ತಲೆಯೊಳಗೆ ನಿನ್ನೆಯಿಂದಲೇ ಇನ್ನೊಂದು ಹುಳ ಕೊರೆಯುತ್ತಿತ್ತು. ನಿನ್ನೆ ಬೆಳಿಗ್ಗೆ ಫಲಕ ಬಟ್ಟೆ ಸುತ್ತಿಕೊಂಡು ಆಫೀಸಿನ ಮೇಜಿನ ಮೇಲೆ ಬಂದು ಕೂತಿತ್ತು. ತಂದವರನ್ನು ಯಾರೂ ನೋಡಿರಲಿಲ್ಲ, ಸಮಿತಿಯವರೇ ಕಳಿಸಿದ್ದಾರೆಂದುಕೊಂಡಿದ್ದರು. ಅದರ ಮೇಲೆ ಎರಡೇ ಸಾಲು: ‘ಕೈಗೆಟುಕುವ ಮನೆ, ಕೈ ಹಿಡಿಯುವ ಮಂದಿ’. ಓದಿದವರೆಲ್ಲ ಆಹಾ ಎಂದಿದ್ದರು. ಸಮಿತಿಯವರ ಬಾಯಲ್ಲಿ ಇಷ್ಟು ಸಲೀಸಾದ ಮಾತು ಹೇಗೆ ಬಂತು ಎಂದು ಇವಳೊಬ್ಬಳಿಗೇ ಅನುಮಾನ. ಆದರೆ ಸಂತೋಷದ ಹೊತ್ತಿನಲ್ಲಿ ಅಡ್ಡಮಾತಾಡಲು ಮನಸ್ಸಾಗದೆ ಸುಮ್ಮನಿದ್ದಳು.

ಅವಳು ನೇರ ಹೋದದ್ದು ಬಟ್ಟೆ ಒಗೆಯುವ ಕೋಣೆಗೆ. ಅಲ್ಲಿ ಗಾಲಿ ಅಜ್ಜಿ ತನ್ನ ಗಾಲಿಕುರ್ಚಿಯಲ್ಲಿ ಕೂತು, ಮಿಷಿನ್ನಿನಿಂದ ಒದ್ದೆ ಬಟ್ಟೆ ಎಳೆದೆಳೆದು ಬುಟ್ಟಿಗೆ ಹಾಕುತ್ತಿದ್ದಳು. ಇಡೀ ಕಟ್ಟಡಕ್ಕೆ ಕಾನೂನು ಮಾಡಿಕೊಟ್ಟವಳು ಈ ಅಜ್ಜಿ. ಗೋದಾಮನ್ನು ಮನೆ ಮಾಡುವಾಗ ಗಾರೆ ಮಾವನನ್ನು ಕರೆದು, ಕೂತಲ್ಲಿಂದಲೇ ಗೋಡೆಗೆ ಕೈ ಚಾಚಿ, “ಇಲ್ಲಿಗೆ. ಇದಕ್ಕಿಂತ ಮೇಲೆ ಏನೂ ಬೇಡ,” ಎಂದಿದ್ದಳು. ಅಂದಿನಿಂದ ಅದೇ ಅಳತೆ. ಅದಕ್ಕೆ ‘ಅಜ್ಜಿ ಕೈ’ ಎಂದೇ ಹೆಸರು. ದೀಪದ ಸ್ವಿಚ್ಚು, ಕನ್ನಡಿ, ಕೊಡೆ ನೇತುಹಾಕುವ ಗೂಟ, ಎಲ್ಲವೂ ಅಜ್ಜಿ ಕೈಯಲ್ಲಿ. ಗೋಡೆಯ ಮೇಲೆ ಯಾವುದಾದರೂ ಎತ್ತರದಲ್ಲಿ ಕಂಡರೆ ಗಾರೆ ಮಾವ ಯಾರನ್ನೂ ಕೇಳದೆ ಕಿತ್ತು ಇಳಿಸಿಬಿಡುತ್ತಿದ್ದ.

“ಎತ್ತರದವರೆಲ್ಲ ಬಗ್ಗಿ ಬಗ್ಗಿ ನಡೆದು ಎಷ್ಟು ಮರ್ಯಾದಸ್ಥರಾಗಿದ್ದಾರೆ ನೋಡು,” ಎಂದು ಅಜ್ಜಿ ಆಗಾಗ ಕಿಚಾಯಿಸುವುದುಂಟು.

“ಅಜ್ಜೀ, ಫಲಕ ಎಲ್ಲಿ?”

“ಯಾವ ಫಲಕ? ನಿನ್ನೆ ಮೇಷ್ಟ್ರು ನೆತ್ತಿ ಮೇಲೆ ಹೊಡೆದರಲ್ಲ, ಅದಾ? ನಂಗೆಲ್ಲಿ ಕಾಣ್ಬೇಕು ತಾಯಿ, ಅಷ್ಟೆತ್ತರಕ್ಕೆ ತಲೆಯೆತ್ತಿದ್ರೆ ಕತ್ತು ಹಿಡ್ಕೊಳ್ಳುತ್ತೆ.”

“ಗೌರವದ ವಸ್ತು, ಎತ್ತರದಲ್ಲೇ ಇರಬೇಕು ಅಂದ್ರಂತೆ.”

“ಅಂದ್ರು, ಅಂದ್ರು. ಕೈಗೆಟುಕುವ ಅಂತ ಬರೆಸಿಕೊಂಡು ಯಾರ ಕೈಗೂ ಎಟುಕದ ಕಡೆ ಹಾಕೋರಿಗೆ ಏನನ್ನಬೇಕು ಹೇಳು?” ಅಜ್ಜಿ ಒಂದು ದುಪ್ಪಟಿಯ ತುದಿಯನ್ನು ಇನ್ಸ್‌ಪೆಕ್ಟರಮ್ಮನ ಕೈಗೆ ಕೊಟ್ಟಳು. “ಹಿಡ್ಕೊ, ಹಿಂಡೋಣ. ಪೊಲೀಸ್ ಕೈಗೆ ಇದೊಂದಾದ್ರೂ ಬರುತ್ತಾ ನೋಡೋಣ.”

ಇಬ್ಬರೂ ಸೇರಿ ದುಪ್ಪಟಿ ಹಿಂಡಿದರು. ಇನ್ಸ್‌ಪೆಕ್ಟರಮ್ಮನಿಗೆ ಅರ್ಧ ಗುಟ್ಟು ಬಿಚ್ಚಿಕೊಂಡಿತ್ತು. ಕಳ್ಳನೇ ಇಲ್ಲ! ಗಾರೆ ಮಾವ ತನ್ನ ಅಭ್ಯಾಸದ ಪ್ರಕಾರ ಫಲಕವನ್ನು ಇಳಿಸಿ, ಮೇಲಿನ ತೂತು ಮುಚ್ಚಿ, ಕೆಳಗೆಲ್ಲೋ ಹೊಡೆದು, ತನ್ನ ಪಾಡಿಗೆ ಕೆಲಸಕ್ಕೆ ಹೋಗಿದ್ದಾನೆ. ಆದರೆ ಎಲ್ಲಿ ಹೊಡೆದ? ಸಭಾಂಗಣದ ಗೋಡೆಗಳನ್ನೆಲ್ಲ ಆಗಲೇ ನೋಡಿಯಾಗಿತ್ತು. ಕಣ್ಣೆದುರು ಇರಬೇಕಾದ್ದು ಕಾಣದಿದ್ದರೆ, ಯಾರೋ ಮರೆಮಾಡಿದ್ದಾರೆ ಎಂದೇ ಅರ್ಥ.

ಇಳಿಸಿದವನೊಬ್ಬ, ಬಚ್ಚಿಟ್ಟವನು ಇನ್ನೊಬ್ಬ.

ಮೂಲೆ ರೂಮಿನ ಬಾಗಿಲು ತೆರೆದೇ ಇತ್ತು. ಒಳಗೆ ಹೊಸ ಪರದೆ, ಕಿಟಕಿಯ ಬಳಿ ಎರಡನೆಯದೊಂದು ಮಂಚ. ಅದರ ಮೇಲೆ ಮಡಿಕೆ ಮುರಿಯದ ಚಾದರ. ಗೂಡಿನಲ್ಲಿ ಒಂದರ ಪಕ್ಕ ಒಂದು, ಎರಡು ಲೋಟ. ಮಗಳಿಗಾಗಿ ಒಂದು ತಿಂಗಳಿಂದ ಅವನು ಕೂಡಿಸಿಟ್ಟ ಸಂಸಾರವೇ ಅಲ್ಲಿತ್ತು. ಆದರೆ ಬೀಗದಣ್ಣ ಮಾತ್ರ ತನ್ನ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ, ಜಿಪ್ ಎಳೆಯುತ್ತಿದ್ದ.

ಇನ್ಸ್‌ಪೆಕ್ಟರಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿಗೆ ಸವಾರಿ?”

“ಬಂದ್ರಾ? ಬರ್ತೀರಿ ಅಂತ ಗೊತ್ತಿತ್ತಮ್ಮಾ.” ಅವನು ತಲೆ ಎತ್ತಲಿಲ್ಲ. “ಅವತ್ತೂ ಹೀಗೇ ಬಾಗಿಲಲ್ಲಿ ನಿಂತಿದ್ರಿ.”

“ಅವತ್ತು ನೀನು ಕಿಟಕಿಯಿಂದ ಹಾರಿದ್ದೆ. ಇವತ್ತು ಹಾರಬೇಡಪ್ಪಾ, ನನಗೆ ಮಂಡಿನೋವು. ಓಡಕ್ಕಾಗಲ್ಲ.”

ಅವನಿಗೆ ನಗು ಬಂತು. ನುಂಗಿಕೊಂಡ.

“ಕೈ ತೋರಿಸು.”

ತೋರಿಸಿದ. ಉಗುರಿನ ಸಂದಿಯಲ್ಲೆಲ್ಲ ಬಿಳೀ ಪುಡಿ.

“ಗಾರೆ ಮಾವನಿಗೆ ಕೈ ಆಸರೆ ಕೊಟ್ಟವನು ನೀನೇ. ಅಲ್ವಾ?”

ಅವನು ಕೈ ಹಿಂದಕ್ಕೆಳೆದುಕೊಂಡ.

“ಮೇಷ್ಟ್ರು ನಿನ್ನನ್ನ ಕಳ್ಳ ಅಂತಿದ್ದಾರೆ. ‘ಅಲ್ಲಿದೆ ನೋಡಿ’ ಅಂದ್ರೆ ಎಲ್ಲ ಮುಗೀತಿತ್ತು. ಯಾಕಯ್ಯಾ ಬಾಯಿ ಬಿಡಲಿಲ್ಲ?”

“ಕದ್ದಿಲ್ಲಮ್ಮಾ. ಯಾವ ಆಣೆ ಬೇಕಾದ್ರೂ ಮಾಡ್ತೀನಿ. ಎಲ್ಲಿದೆ ಅಂತ ಮಾತ್ರ ಕೇಳಬೇಡಿ.”

“ರೂಮು ಹೋಗುತ್ತೋ!”

“ಹೋಗ್ಲಿ. ರೂಮು ಯಾರಿಗೋಸ್ಕರ ಬೇಕಿತ್ತೋ ಅವರೇ…” ಎಂದವನು ಅಲ್ಲಿಗೇ ನಿಲ್ಲಿಸಿ ಬಾಯಿಗೆ ಬೀಗ ಹಾಕಿಕೊಂಡ. ಬೇರೆಯವರ ಬೀಗವನ್ನೆಲ್ಲ ತೆರೆದವನು ತನ್ನದನ್ನು ಮಾತ್ರ ಯಾರಿಗೂ ತೆರೆಯಲು ಬಿಡುತ್ತಿರಲಿಲ್ಲ. ಇನ್ಸ್‌ಪೆಕ್ಟರಮ್ಮನಿಗೆ ಸಿಟ್ಟೂ ಬಂತು, ಮರುಕವೂ ಹುಟ್ಟಿತು. ಎಷ್ಟೋ ಸಲ ಅವನನ್ನು ಅಟ್ಟಿಸಿಕೊಂಡು ಓಡಿದ್ದಳು. ಅವನು ನಿಲ್ಲಲಿ, ಎಲ್ಲಿಗೂ ಹೋಗದಿರಲಿ ಎಂದು ಮನಸಾರೆ ಬಯಸಿದ್ದು ಇದೇ ಮೊದಲು.

ಅವಳು ಚೀಲ ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡಳು. “ಇದು ನನ್ನ ವಶ. ನೀನು ಬಾ.”

ಹೊರಗೆ ಕಾರಿನ ಹಾರನ್ ಕೇಳಿಸಿತು.

ಅಧ್ಯಕ್ಷರು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟಿದ್ದರು! ಬಿಳೀ ಮೀಸೆಯ, ಗಟ್ಟಿ ನಗುವಿನ ದೊಡ್ಡ ಮನುಷ್ಯ. ಮೇಷ್ಟ್ರು ಅವರನ್ನು ಸ್ವಾಗತಿಸುವ ನೆಪದಲ್ಲಿ ಪರದೆಯಿಂದ ದೂರ, ದೂರಕ್ಕೆ ಕರೆದೊಯ್ಯುತ್ತಿದ್ದರು. ಮ್ಯಾನೇಜರ್ ಹುಡುಗಿ ನಗುತ್ತಿದ್ದಳು, ಕಣ್ಣು ಮಾತ್ರ ಪರದೆಯ ಮೇಲೇ ಇತ್ತು. ಸಭಾಂಗಣದಲ್ಲಿ ಜನ ಆಗಲೇ ತುಂಬಿಕೊಂಡಿದ್ದರು.

ಇನ್ಸ್‌ಪೆಕ್ಟರಮ್ಮ ಬಾಗಿಲಲ್ಲೇ ನಿಂತು ಒಂದು ಸಲ ಎಲ್ಲವನ್ನೂ ಕಣ್ಣಳತೆಯಲ್ಲಿ ನೋಡಿದಳು. ಗಾಲಿಕುರ್ಚಿ ಇಳಿಯುವ ಇಳಿಜಾರಿನ ಪಕ್ಕ, ಗೋಡೆಗೆ ಒತ್ತಿ, ಪ್ಲಾಸ್ಟಿಕ್ ಕುರ್ಚಿಗಳ ರಾಶಿ. ಒಂದರ ಮೇಲೊಂದು, ಆಳೆತ್ತರ.

ಇಳಿಜಾರಿನಲ್ಲಿ ಒಂದು ಪೊರಕೆ ಅಡ್ಡಬಿದ್ದರೂ ಗಾಲಿ ಅಜ್ಜಿ ಕಟ್ಟಡವೇ ನಡುಗುವಂತೆ ಬೈಯುತ್ತಾಳೆ. ಇವತ್ತು ಅರ್ಧ ದಾರಿಗೆ ಕುರ್ಚಿ ಒಟ್ಟಿದ್ದಾರೆ. ಬೆಳಿಗ್ಗೆಯಿಂದ ಅಜ್ಜಿ ಒಂದೇ ಒಂದು ಬೈಗುಳ ಬೈದಿಲ್ಲ.

“ಜನ ನಿಂತಿದ್ದಾರೆ, ಕುರ್ಚಿ ಅಲ್ಲಿ ಸುಮ್ಮನೆ ಕೂತಿವೆಯಲ್ಲಾ! ಈ ಕುರ್ಚಿ ಜೋಡಿಸೋ ಸರದಿ ಇವತ್ತು ಯಾರದು?”

“ಬೀಗದಣ್ಣಂದು,” ಎಂದಳು ಮ್ಯಾನೇಜರ್ ಹುಡುಗಿ.

ಬೀಗದಣ್ಣ ಇನ್ಸ್‌ಪೆಕ್ಟರಮ್ಮನ ತೋಳು ಹಿಡಿದುಕೊಂಡ. “ಬೇಡಮ್ಮಾ. ಕಾಲಿಗೆ ಬೀಳ್ತೀನಿ, ಬೇಡ.”

“ಎಳೀರಿ ಕುರ್ಚಿನಾ!”

ನಾಲ್ಕು ಜನ ಕೈ ಹಾಕಿದರು. ರಾಶಿ ಸರಿಯಿತು. ಅಜ್ಜಿ ಕೈಯ ಅಳತೆಯಲ್ಲಿ, ನಾಲ್ಕು ಮೂಲೆಗೂ ಬಿಗಿಯಾಗಿ ತಿರುಪು ಹಾಕಿಸಿಕೊಂಡು, ಹಿತ್ತಾಳೆ ಫಲಕ ಫಳಫಳ ಹೊಳೆಯುತ್ತಿತ್ತು.

ಎಂಥ ಕೇಕೆ! ಮೇಷ್ಟ್ರಂತೂ ವಯಸ್ಸು ಮರೆತು ಕುಣಿದೇಬಿಟ್ಟರು. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಗಾರೆ ಮಾವನಿಗೆ ಯಾಕೆ ಈ ಗಲಾಟೆಯೆಂದೇ ತಿಳಿಯಲಿಲ್ಲ. ಯಾರೋ ಫಲಕದತ್ತ ಕೈ ತೋರಿಸಿದಾಗ, ಕಿವಿ ಕೇಳದವರ ದೊಡ್ಡ ದನಿಯಲ್ಲಿ, “ಹೌದೌದು, ನಾನೇ ಇಳಿಸಿದ್ದು! ಯಾವನೋ ತಲೆ ಸರಿಯಿಲ್ಲದವನು ಅಷ್ಟು ಮೇಲೆ ಹೊಡೆದಿದ್ದ!” ಎಂದ. ತಲೆ ಸರಿಯಿಲ್ಲದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರೂ ನಕ್ಕರು. ಆಮೇಲೆ ಬೀಗದಣ್ಣನ ಹತ್ತಿರ ಹೋಗಿ, “ತಪ್ಪಾಯ್ತು ಕಣಪ್ಪಾ,” ಎಂದು ಅವನ ಎರಡೂ ಕೈ ಹಿಡಿದುಕೊಂಡರು.

ಅಧ್ಯಕ್ಷರು ಮಂಡಿಯೂರಿ ಕೂತು ಫಲಕ ಓದಿದರು. ಇನ್ನೊಮ್ಮೆ ಓದಿದರು.

“ಇಷ್ಟು ಚೆಂದದ ಫಲಕ ಎಲ್ಲಿ ಮಾಡಿಸಿದ್ರಿ?”

“ನಾವೆಲ್ಲಿ ಮಾಡಿಸಿದ್ವಿ ಸಾರ್? ನೀವೇ ಕಳಿಸಿದ್ದಲ್ವಾ?” ಎಂದರು ಮೇಷ್ಟ್ರು.

“ಇಲ್ಲವಲ್ಲ! ನಮ್ಮದು ಇನ್ನೂ ಕಾರಲ್ಲೇ ಇದೆ.”

ಡ್ರೈವರು ಓಡಿಹೋಗಿ ತಂದ. ಗಾಜಿನ ಫಲಕ. ‘ಕೈಗೆಟುಕುವ ದರದ ಹಾಗೂ ಆಸರೆಸಹಿತ ವಸತಿ ಸಮುದಾಯಗಳ ವಿಭಾಗದಲ್ಲಿ ಉತ್ಕೃಷ್ಟತಾ ಪುರಸ್ಕಾರ’ ಎಂದು ಅದರಲ್ಲಿ ಉಸಿರು ಕಟ್ಟುವಷ್ಟು ಉದ್ದಕ್ಕೆ ಬರೆದಿತ್ತು.

ನಗು ನಿಂತಿತು. ಹಾಗಾದರೆ ಗೋಡೆಯ ಮೇಲಿರುವುದು ಯಾರದು?

ಇನ್ಸ್‌ಪೆಕ್ಟರಮ್ಮ ಮೆಲ್ಲಗೆ ಬೀಗದಣ್ಣನ ಕಡೆ ತಿರುಗಿದಳು. ಈ ಸಲ ಅವಳ ದನಿಯಲ್ಲಿ ಪೊಲೀಸು ಇರಲಿಲ್ಲ.

“ಇದನ್ನ ಮಾಡಿದವರು ನಿನಗೆ ಗೊತ್ತು.”

ಅವನು ಫಲಕದ ಮುಂದೆ ಕುಕ್ಕರುಗಾಲಲ್ಲಿ ಕೂತ. ‘ಮನೆ’ಯ ‘ಮ’ ಅಕ್ಷರದ ಮೇಲೆ ಬೆರಳಿಟ್ಟ. ಆ ಅಕ್ಷರದ ಹೊಟ್ಟೆಯೊಳಗೆ ಸಾಸಿವೆಯಷ್ಟು ಚಿಕ್ಕದೊಂದು ಚುಕ್ಕಿ.

“ನನ್ನ ಮಗಳು ಅಕ್ಷರ ಕಲಿಯೋವಾಗ ಮನೆ ಅಂತ ಬರೆದಾಗಲೆಲ್ಲ ಇಲ್ಲೊಂದು ಚುಕ್ಕಿ ಇಡ್ತಿದ್ಲು. ಯಾಕೆ ಪುಟ್ಟೀ ಅಂದ್ರೆ, ಮನೆಯೊಳಗೆ ದೀಪ ಬೇಡ್ವಾ ಅಪ್ಪಾ ಅನ್ನೋಳು.” ಅವನು ಚುಕ್ಕಿಯನ್ನು ಬೆರಳ ತುದಿಯಿಂದ ಸವರಿದ. “ನಿನ್ನೆ ಅಷ್ಟೆತ್ತರದಲ್ಲಿದ್ದಾಗ ನನಗೂ ಕಾಣಿಸಿರಲಿಲ್ಲ. ಬೆಳಿಗ್ಗೆ ಗಾರೆ ಮಾವ ಕೈಗೆ ಕೊಟ್ಟಾಗ ಕಾಣಿಸ್ತು. ಅವಳು ನಿನ್ನೇನೇ ಬಂದಿದ್ದಾಳಮ್ಮಾ. ಇದನ್ನ ಇಟ್ಟು, ನನ್ನ ಮುಖ ನೋಡಕ್ಕೆ ಮನಸ್ಸು ಬರದೆ ವಾಪಸ್ ಹೋಗಿದ್ದಾಳೆ. ಇದು ಸಮಿತಿದಲ್ಲ ಅಂತ ಗೊತ್ತಾದ್ರೆ ಕಿತ್ತು ಪಕ್ಕಕ್ಕಿಡ್ತೀರಿ ಅಂತ ಕುರ್ಚಿ ಅಡ್ಡ ಇಟ್ಟೆ. ಅವಳ ಕೈಬರಹ ಒಂದು ದಿನವಾದ್ರೂ ಈ ಗೋಡೆ ಮೇಲಿರಲಿ ಅಂತ. ಅಷ್ಟೇ.”

ಅಧ್ಯಕ್ಷರು ಎದ್ದು ನಿಂತು, ಗಾಜಿನ ಫಲಕವನ್ನು ಮೇಷ್ಟ್ರ ಕೈಗೆ ಕೊಟ್ಟರು. “ಇದನ್ನ ಎಲ್ಲಿ ಬೇಕಾದ್ರೂ ಇಟ್ಕೊಳ್ಳಿ. ಗೋಡೆ ಮೇಲಿರಬೇಕಾದ್ದು ಅದೇ. ಅದನ್ನ ಯಾರಾದ್ರೂ ಮುಟ್ಟಿದ್ರೆ ಪ್ರಶಸ್ತಿ ವಾಪಸ್ ತಗೊಳ್ತೀನಿ!”

ಚಪ್ಪಾಳೆ ಬಿತ್ತು. ಬೀಗದಣ್ಣನ ಕಿವಿಗೆ ಅದು ಬೀಳಲಿಲ್ಲ. ಅವನು ಕೂತಲ್ಲೇ ಕೂತಿದ್ದ.

“ವಾಪಸ್ ಹೋದ್ಲು ಅಂತ ನಿಂಗ್ಯಾರೋ ಹೇಳಿದ್ದು?”

ಗಾಲಿ ಅಜ್ಜಿ. ಅವಳ ಕುರ್ಚಿ ಇಳಿಜಾರಿನಲ್ಲಿ ಸುಯ್ಯನೆ ಇಳಿದು ಅವನ ಮುಂದೆ ನಿಂತಿತು.

“ನಿನ್ನೆಯಿಂದ ನನ್ನ ರೂಮಲ್ಲೇ ಇದ್ದಾಳೆ. ಅಪ್ಪನ ಬಗ್ಗೆ ಇಲ್ಲಿನವರು ಏನಂತಾರೆ ಅಂತ ಕಿವಿಯಾರೆ ಕೇಳ್ಬೇಕಂತೆ. ಕೇಳಿಸ್ಕೊಂಡ್ಲು, ಮೇಷ್ಟ್ರ ಮಾತೂ ಸೇರಿ! ಹೇಳಿಬಿಡೋಣ ಅಂತ ನಾಲಿಗೆ ತುದಿವರೆಗೂ ಬಂದಿತ್ತು. ಮಾತು ಕೊಟ್ಟಿದ್ದೆನಲ್ಲಾ, ಹಲ್ಲು ಕಚ್ಚಿಕೊಂಡಿದ್ದೆ.”

ಬೀಗದಣ್ಣ ಎದ್ದು ಇನ್ಸ್‌ಪೆಕ್ಟರಮ್ಮನ ಹೆಗಲು ಹಿಡಿದುಕೊಂಡ. ಸಭಾಂಗಣಕ್ಕೇ ತೆರೆದುಕೊಳ್ಳುವ ಅಜ್ಜಿಯ ರೂಮಿನ ಬಾಗಿಲ ಕಡೆ ಎಲ್ಲರ ಕಣ್ಣೂ ತಿರುಗಿತು.

“ಆದ್ರೆ ಒಬ್ಬಳೇ ಬಂದಿಲ್ಲ ಕಣೋ,” ಎಂದಳು ಅಜ್ಜಿ, ದನಿ ತಗ್ಗಿಸಿ.

ಚಿಲಕ ಸರಿಯಿತು. ಮೊದಲು ಹೊರಗೆ ಬಂದದ್ದು ಮಗಳಲ್ಲ. ನರೆತ ಕೂದಲಿನ, ನೇರ ನೋಟದ ಒಬ್ಬ ಹೆಂಗಸು. ಬಂದವಳು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ನೀನೂ ಬಂದ್ಯಾ?” ಎಂದ ಬೀಗದಣ್ಣ. ಉಸಿರಷ್ಟೇ ಹೊರಟಿತು.

ಹೆಂಡತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಮಗಳು ಬಾಗಿಲ ಹಿಂದೇನೇ ನಿಂತಿದ್ದಾಳೆ,” ಎಂದಳು ಅವಳು. “ಬರ್ತೀನಿ ಅಂತ ಕುಣೀತಿದ್ದಾಳೆ. ನಾನೇ ತಡೆದಿದ್ದೀನಿ. ನಿಮ್ಮನ್ನ ಒಂದು ಮಾತು ಕೇಳಬೇಕು. ಕೋರ್ಟಲ್ಲಿ ಕೇಳಿದ್ರೂ ನೀವು ಹೇಳಲಿಲ್ಲ. ಇಲ್ಲಿ, ಇಷ್ಟು ಜನರ ಮುಂದೆ ನಿಜ ಹೇಳಿದ್ರೆ ಬಾಗಿಲು ತೆಗೀತೀನಿ. ಸುಳ್ಳು ಹೇಳಿದ್ರೆ ಅವಳನ್ನ ಕರ್ಕೊಂಡು ಈಗಲೇ ಹೊರಡ್ತೀನಿ.”

ಇನ್ಸ್‌ಪೆಕ್ಟರಮ್ಮನ ಕಿವಿ ನೆಟ್ಟಗಾಯಿತು. ಆ ಕೇಸು ನಡೆಸಿದವಳು ಅವಳೇ. ಕೋರ್ಟಿನಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆ ಯಾವುದೆಂದು ಅವಳಿಗೂ ಗೊತ್ತಿತ್ತು: ಆ ಕಳ್ಳತನದಲ್ಲಿ ಅವನ ಜೊತೆಗಿದ್ದವರು ಯಾರು? ಅದರ ಉತ್ತರ ಹೊರಬಿದ್ದರೆ ಇವನೊಬ್ಬನೇ ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂಬುದೂ ಗೊತ್ತಿತ್ತು.

ಬೀಗದಣ್ಣ ಇನ್ಸ್‌ಪೆಕ್ಟರಮ್ಮನ ಹೆಗಲು ಬಿಟ್ಟ. ಮೊದಲ ಸಲ, ಓಡಲು ದಾರಿ ಹುಡುಕದೆ, ತನ್ನ ಕಾಲ ಮೇಲೆ ನೆಟ್ಟಗೆ ನಿಂತ.

“ಕೇಳು,” ಎಂದ.